ವಿದೇಶಗತ ಧನಾಭಾವ ಮೀಮಾಂಸೆ

ಪರದೇಶದಲ್ಲಿ ಕೈ ಬರಿದಾದವನ ಗತಿಯೇನೆಂದು ನಮ್ಮ ಪ್ರಾಚೀನರು ಎಲ್ಲೂ ವಿಚಾರ ಮಾಡಿದಂತಿಲ್ಲ. ಕಡಲು ದಾಟಿದ್ದಕ್ಕೇ ಪ್ರಾಯಶ್ಚಿತ್ತ ವಿಧಿಸಿದವರು ದಾಟಿದವನ ಜೇಬಿನ ಚಿಂತೆ ಯಾಕೆ ಮಾಡಿಯಾರು? ಆ ಕೊರತೆ ನೀಗಿಸಲು ಬೆಂಗಳೂರಿನ ಕುಂದಲಹಳ್ಳಿಗಿಂತ ಪ್ರಶಸ್ತ ಕ್ಷೇತ್ರ ಇನ್ನೊಂದಿಲ್ಲ. ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್ ಟೆಕ್ ಪಾರ್ಕಿನ ತನಕ ಹರಡಿರುವ ಪ್ರಜೆಗಳಲ್ಲಿ ಮೂರು ವರ್ಗ: ಆನ್‌ಸೈಟ್ ಹೋಗಿ ಬಂದವರು, ವೀಸಾ ಕೈಗೆ ಬಂದವರು, ಮ್ಯಾನೇಜರ್ ಮಾತು ನಂಬಿ ಕೂತವರು. ಮೂರನೆಯವರ ಹಣದ ತಾಪತ್ರಯ ಸ್ವದೇಶೀಯವಾದ್ದರಿಂದ ಅವರನ್ನು ಇಲ್ಲಿ ಕೈಬಿಡಲಾಗಿದೆ.

ನ್ಯಾಯ-ವೈಶೇಷಿಕ ದಾರ್ಶನಿಕರು ಅಭಾವವನ್ನು, ಅಂದರೆ ಇಲ್ಲದಿರುವುದನ್ನು, ನಾಲ್ಕು ಬಗೆಯಾಗಿ ಕಂಡರು. ಮಡಕೆ ಹುಟ್ಟುವ ಮೊದಲು ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಗಾಳಿಗೆ ಬಣ್ಣವಿಲ್ಲದಂತೆ ಎಂದೆಂದೂ ಇಲ್ಲದಿರುವುದು ಅತ್ಯಂತಾಭಾವ. ಮಡಕೆಯೆಂದರೆ ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ. ಫಾರೆಕ್ಸ್ ಕಾರ್ಡ್ ನೋಡದೆಯೇ ಇಷ್ಟು ಕಂಡ ಅವರ ದಿವ್ಯದೃಷ್ಟಿಗೆ ನಮಸ್ಕಾರ.

ಪ್ರಾಗಭಾವ ಹಿಂದಿನ ತಲೆಮಾರಿನ ಸೊತ್ತು. ಸರ್ಕಾರ ಕೊಟ್ಟ ಎಂಟು ಡಾಲರ್ ಹಿಡಿದು ವಿಮಾನ ಹತ್ತಿದವರ ಕಥೆ ಆ ಕಾಲದ ಮನೆಗಳಲ್ಲಿ ಇನ್ನೂ ಕೇಳಿಸುತ್ತದೆ. 2004ರಲ್ಲಿ ರಿಸರ್ವ್ ಬ್ಯಾಂಕ್ 25,000 ಡಾಲರಿನ ಮಿತಿ ಹಾಕಿ ಬಾಗಿಲು ತೆರೆಯಿತು. ಈಗ ಅದು ವರ್ಷಕ್ಕೆ 2,50,000. ಬೈಯಲು ಸರ್ಕಾರವೂ ಉಳಿಯದಂತಾಯಿತು. ಪ್ರಧ್ವಂಸಾಭಾವ, ಅಂದರೆ ಜೇಬುಕಳ್ಳರ ಪ್ರಕರಣ, ಶಾಸ್ತ್ರದೃಷ್ಟಿಯಿಂದ ನೀರಸ. ಎರಡು ಕಾರ್ಡುಗಳನ್ನು ಎರಡು ಕಡೆ ಇಟ್ಟವನು ಬದುಕುತ್ತಾನೆ. ಎಲ್ಲವನ್ನೂ ಕಳೆದುಕೊಂಡವನು ರಾಯಭಾರ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ತೀರಾ ಸಂಕಟದಲ್ಲಿರುವವರಿಗೆಂದು ಅಲ್ಲಿ 2009ರಿಂದ ಒಂದು ಕಲ್ಯಾಣ ನಿಧಿಯೂ ಇದೆ.

ನಮ್ಮ ಗಮನವೆಲ್ಲ ಅನ್ಯೋನ್ಯಾಭಾವದ ಕಡೆಗೆ. ಯೂರೊ ಎಂದರೆ ರೂಪಾಯಿಯಲ್ಲ ಎಂಬ ಸರಳ ಸತ್ಯವನ್ನು ಕುಂದಲಹಳ್ಳಿಯ ಪ್ರಜೆ ಒಪ್ಪುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ಯೂರೊ ಕಾಫಿಯ ಮುಂದೆ ನಿಂತು ಅವನು ನೂರರಿಂದ ಗುಣಿಸುತ್ತಾನೆ. ಆ ದುಡ್ಡಿಗೆ ಊರಿನ ದರ್ಶಿನಿಯಲ್ಲಿ ಇಡೀ ಟೀಮಿಗೆ ಕಾಫಿ ಕುಡಿಸಬಹುದಿತ್ತೆಂದು ಕಂಡುಕೊಂಡು, ಕುಡಿಯದೆ ಹೊರಬರುತ್ತಾನೆ. ಊರಲ್ಲಿ ಆ ಟೀಮಿಗೆ ಅವನು ಎಂದಾದರೂ ಕಾಫಿ ಕುಡಿಸಿದ್ದಾನೆಯೇ ಎಂಬುದು ಬೇರೆ ಪ್ರಬಂಧದ ವಸ್ತು. ಪರ್ ಡಯಮ್ ಎಂಬ ದಿನಭತ್ಯೆ ಊಟಕ್ಕೆ ಕೊಟ್ಟದ್ದೆಂದು ಕಂಪನಿ ತಿಳಿದಿರುತ್ತದೆ. ಅದು ಹೊಸಕೋಟೆಯ ಸೈಟಿಗೆ ಕೊಟ್ಟ ಮುಂಗಡವೆಂದು ಇವನು ತಿಳಿದಿರುತ್ತಾನೆ. ಹೀಗಾಗಿ ಊಟದ ಭಾರವೆಲ್ಲ ರೈಸ್ ಕುಕ್ಕರು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಮೇಲೆ. ಜರ್ಮನಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಂತಿರುಗಿಸಿದರೆ 25 ಸೆಂಟು ಬರುತ್ತದೆಂದು ತಿಳಿದ ದಿನ, ಆಫೀಸಿನ ಮೀಟಿಂಗ್ ರೂಮುಗಳು ಎಂದೂ ಇಲ್ಲದಷ್ಟು ಸ್ವಚ್ಛವಾಗುತ್ತವೆ.

ಇಂಥ ತಪಸ್ವಿಯನ್ನು ಕೆಡವಲು ಒಂದು ಮಾಯಾಮೃಗವಿದೆ. ಅಂಗಡಿಯ ಕಾರ್ಡ್ ಯಂತ್ರ ವಿನಯದಿಂದ ಕೇಳುತ್ತದೆ: ಯೂರೊದಲ್ಲಿ ಕೊಡುವಿರೋ, ರೂಪಾಯಿಯಲ್ಲೋ? ಪರದೇಶದಲ್ಲಿ ರೂಪಾಯಿಯ ಹೆಸರು ಕಂಡು ಕಣ್ಣು ತುಂಬಿ ರೂಪಾಯಿ ಒತ್ತುತ್ತಾನೆ. ವಿನಿಮಯ ದರವನ್ನು ಅಂಗಡಿಯ ಕಡೆಯವರೇ ತಮಗೆ ಬೇಕಾದಷ್ಟಕ್ಕೆ ಏರಿಸಿಕೊಳ್ಳುತ್ತಾರೆ. ತಿಂಗಳಿಡೀ ಬಾಟಲಿ ಆಯ್ದು ಗಳಿಸಿದ್ದು ಒಂದು ಗುಂಡಿಯಲ್ಲಿ ಹೋಗುತ್ತದೆ.

ಅತ್ಯಂತಾಭಾವಕ್ಕೆ ಯುಪಿಐ ಉದಾಹರಣೆ. ನಗದು ಮಾತ್ರ ಎಂದು ಫಲಕ ಹಾಕಿದ ಬೇಕರಿಯಲ್ಲಿ ಕ್ಯೂಆರ್ ಹುಡುಕುವವನಿಗೆ, ಐಫೆಲ್ ಟವರಿನಲ್ಲಿ 2024ರ ಫೆಬ್ರವರಿಯಿಂದ ಅದು ನಡೆಯುತ್ತದೆಂದು ಸಮಾಧಾನ ಹೇಳಬಹುದು. ಬ್ರೆಡ್ಡಿಗಾಗಿ ಪ್ಯಾರಿಸ್‌ವರೆಗೆ ಹೋಗಬೇಕಷ್ಟೆ.

ಈಗ ನಮ್ಮ ಸ್ವಂತ ಕೊಡುಗೆ: ಐದನೆಯದಾದ ದೃಶ್ಯಾಭಾವ. ಹಣವಿದೆ, ಆ್ಯಪಿನಲ್ಲಿ ಕಾಣುತ್ತದೆ, ಕೈಗೆ ಸಿಗದು. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡು ಹುಟ್ಟುವಾಗಲೇ ವಿದೇಶದ ಮಟ್ಟಿಗೆ ಮೂಕ. ಗ್ರಾಹಕನೇ ಅದಕ್ಕೆ ಬಾಯಿ ಬರಿಸಬೇಕು. ಅದಕ್ಕೆ ಓಟಿಪಿ ಬೇಕು, ಓಟಿಪಿಗೆ ರೋಮಿಂಗ್ ಬೇಕು, ರೋಮಿಂಗಿಗೆ ಕಾರ್ಡು ಬೇಕು. ತಾರ್ಕಿಕರು ಇದನ್ನೇ ಚಕ್ರಕ ದೋಷ ಎಂದರು.

“ಅಪ್ಪಾ, ಕಾರ್ಡ್ ನಡೀತಿಲ್ಲ.”

“ಫೋನ್‌ಪೇ ಮಾಡ್ಲೇನೋ ಮಗಾ?”

“ಇಲ್ಲಿ ಬರಲ್ಲಪ್ಪ.”

“ಹೋಗ್ಲಿ, ನಿಮ್ಮತ್ತೆ ಮಗ ಲಂಡನ್ನಿಂದ ಕಳಿಸ್ತಾನಲ್ಲ, ಅದೇ ಅಂಗಡೀಲಿ ಕಟ್ತೀನಿ ಬಿಡು.”

ಆ ಅಂಗಡಿಯ ದಾರಿ ಒಮ್ಮುಖದ್ದು. ಹೊರಗಿನಿಂದ ಬಂದ ಹಣವನ್ನು ಅಲ್ಲಿ ಕೊಡುತ್ತಾರೆ, ಇಲ್ಲಿಂದ ಹೊರಗೆ ಕಳಿಸುವುದಿಲ್ಲ. ಅಪ್ಪ ಬ್ಯಾಂಕಿಗೆ ಹೋಗಿ, ಪ್ಯಾನ್ ಕೊಟ್ಟು, ಎ2 ಫಾರಂ ತುಂಬಿ ಮುಗಿಸುವ ಹೊತ್ತಿಗೆ ಮಗನ ಚಟ್ನಿಪುಡಿ ಮುಗಿದಿರುತ್ತದೆ.

ದೃಶ್ಯಾಭಾವಕ್ಕೆ ಪ್ರಮಾಣ 1974ರ ನಿಶ್ ಪ್ರಕರಣ. ಪ್ಯಾರಿಸ್‌ನಿಂದ ಮರಳುತ್ತಿದ್ದ ಎನ್.ಆರ್. ನಾರಾಯಣ ಮೂರ್ತಿ ಯುಗೊಸ್ಲಾವಿಯಾದ ಆ ಪಟ್ಟಣದಲ್ಲಿ ಸ್ಥಳೀಯ ಹಣವಿಲ್ಲದೆ, ಬ್ಯಾಂಕು ಮುಚ್ಚಿದ್ದರಿಂದ ಉಣ್ಣದೆ, ಪ್ಲಾಟ್‌ಫಾರ್ಮಿನಲ್ಲಿ ಮಲಗಿದರು. ಮುಂದೆ ರೈಲಿನಲ್ಲಿ ಪೊಲೀಸರ ಕೈಗೆ ಸಿಕ್ಕಿ ಮೂರು ದಿನ ಅನ್ನನೀರಿಲ್ಲದೆ ಬಂಧಿಯಾದರು. ಎಡಪಂಥದ ಮೋಹ ಬಿಟ್ಟದ್ದು ಅಲ್ಲೇ ಎಂದು ಅವರೇ ಹೇಳಿದ್ದಾರೆ. 1981ರಲ್ಲಿ ಅವರ ಮುಂದಾಳತ್ವದಲ್ಲಿ ಇನ್ಫೋಸಿಸ್ ಹುಟ್ಟಿತು. ಆದ್ದರಿಂದ ಆ ದಿನ ಬ್ಯಾಂಕು ತೆರೆದಿದ್ದರೆ ಕುಂದಲಹಳ್ಳಿಯಲ್ಲಿ ಪಿಜಿ ಬಾಡಿಗೆ ಇಷ್ಟು ಏರುತ್ತಿರಲಿಲ್ಲ ಎಂಬುದು ಸಿದ್ಧಾಂತ. ಇನ್ಫೋಸಿಸ್ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಐಟಿಪಿಎಲ್ ಬಂದದ್ದು ಸಿಂಗಪುರದ ಪಾಲುದಾರಿಕೆಯಿಂದ ಎಂದು ಪೂರ್ವಪಕ್ಷದವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯೇ, ಆದರೆ ಸಿದ್ಧಾಂತ ಆಗಲೇ ಅಚ್ಚಿಗೆ ಹೋಗಿದೆ.

ಉಳಿದದ್ದು ಚಿಲ್ಲರೆ. ವಿನಿಮಯ ಕೌಂಟರಿನವರು ನೋಟು ಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಹಾಗಾಗಿ ಕುಂದಲಹಳ್ಳಿಯ ಎಇಸಿಎಸ್ ಬಡಾವಣೆಯ ಡ್ರಾಯರುಗಳಲ್ಲಿ ಸೆಂಟು, ಪೆನ್ನಿ, ಎನ್‌ಗಳು ತುಂಬಿವೆ. 1891ರಲ್ಲಿ ಯಶವಂತಪುರದಲ್ಲೂ 1965ರಲ್ಲಿ ನಮ್ಮ ನೆರೆಯ ಎಚ್‌ಎಎಲ್ ಬಳಿಯೂ ನೆಲದಡಿ ಸಿಕ್ಕ ರೋಮನ್ ನಾಣ್ಯಗಳನ್ನು ಇತಿಹಾಸಕಾರರು ಕಡಲ ವ್ಯಾಪಾರದ ಕುರುಹೆನ್ನುತ್ತಾರೆ. ನಾವು ವಿನಯಪೂರ್ವಕ ಭಿನ್ನಮತ ಸೂಚಿಸುತ್ತೇವೆ: ರೋಮಿಗೆ ಆನ್‌ಸೈಟ್ ಹೋಗಿ ಬಂದ ಯಾರೋ, ಕೌಂಟರಿನಲ್ಲಿ ಬೇಡವೆಂದದ್ದಕ್ಕೆ, ಹೂತಿಟ್ಟದ್ದು.