ಸ್ವಿಚ್ಚು ಯಂತ್ರದ್ದು, ತಿಕ್ಕುವುದು ನಿಮ್ಮದು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ, ಕುಡಿಯಬೇಕು, ಇಲ್ಲವೇ ಹಂಚಬೇಕು. ದಿನಕ್ಕೆ ಎರಡು ಲೀಟರಿಗೂ ಮಿಕ್ಕ ಈ ಮಿತಿಯನ್ನು ಮುಟ್ಟದಂತೆ ಜನರನ್ನು ತಡೆಯುವುದು ಪೊಲೀಸರಲ್ಲ, ಪಾತ್ರೆ ತೊಳೆಯುವ ಕೆಲಸ. ಹತ್ತಾರು ಪಾತ್ರೆಗಳ ಈ ರಗಳೆಯನ್ನು ಒಂದೇ ಪಾತ್ರೆಗೆ ಇಳಿಸುತ್ತೇವೆಂದು ಬಂದದ್ದೇ ವಿದ್ಯುತ್ತಿನ ಆಲ್-ಇನ್-ಒನ್ ಯಂತ್ರ. ಜರ್ಮನಿಯ ಬ್ರೌಮೈಸ್ಟರ್, ನ್ಯೂಜಿಲೆಂಡಿನ ಗ್ರೇನ್‌ಫಾದರ್, ಆಸ್ಟ್ರೇಲಿಯಾದ ಬ್ರೂಝಿಲ್ಲಾ, ಯಾವುದನ್ನು ತೆಗೆದುಕೊಂಡರೂ ಮೂಲ ರಚನೆ ಒಂದೇ: ಸ್ಟೀಲಿನ ಡ್ರಮ್ಮು, ಅಡಿಯಲ್ಲಿ ಹೀಟರ್, ಒಳಗೆ ಕಾಳು ತುಂಬುವ ಪಾತ್ರೆ, ಕಾಳಿನ ರಸವನ್ನು ಸುತ್ತಿಸಲು ಒಂದು ಪಂಪು, ಡಿಗ್ರಿ ತೋರಿಸುವ ಒಂದು ಪರದೆ. ನನ್ನ ವಾದ ಇಷ್ಟೇ: ಈ ಯಂತ್ರ ಬಿಯರ್ ಮಾಡುವುದಿಲ್ಲ. ಅದು ಮಾಡುವುದು ಸಿಹಿಯೂ ಕಹಿಯೂ ಬೆರೆತ ಒಂದು ಕಷಾಯ. ಬಿಯರ್ ಮಾಡುವುದು ಯೀಸ್ಟು. ಯೀಸ್ಟಿಗೆ ಬೇಕಾದದ್ದು ಶುಚಿ ಮತ್ತು ತಂಪು. ಅವೆರಡನ್ನೂ ಯಂತ್ರ ನಿಮ್ಮ ತಲೆಗೇ ಕಟ್ಟಿದೆ.

ಯಂತ್ರದ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪಿಬಿಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿದರೆ, ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ನೀರು 64 ಡಿಗ್ರಿಯಲ್ಲಿದ್ದರೆ ಬಿಯರ್ ಸಿಹಿಯಿಲ್ಲದೆ ತೆಳುವಾಗುತ್ತದೆ, 69ಕ್ಕೆ ಹೋದರೆ ದಪ್ಪವಾಗಿ ಸಿಹಿ ಉಳಿಯುತ್ತದೆ. ಒಲೆಯ ಮುಂದೆ ಥರ್ಮಾಮೀಟರ್ ಹಿಡಿದು ನಿಲ್ಲುವ ಈ ಕೆಲಸವನ್ನು ಯಂತ್ರ ಗೊಣಗದೆ ಮಾಡುತ್ತದೆ. ಆದರೆ ಪರದೆಯ ಮೇಲಿನ ಅಂಕಿಯನ್ನು ವೇದವಾಕ್ಯ ಎಂದು ನಂಬಬಾರದು. ಅದು ತಳದ ಬಿಸಿಯನ್ನು ಹೇಳುತ್ತದೆ. ಕಾಳಿನ ನಡುಭಾಗ ಎರಡು ಮೂರು ಡಿಗ್ರಿ ಹಿಂದೆ ಇರಬಹುದು. ನಡುವೆ ಕೈಯಾಡಿಸಿ, ಬೇರೆ ಥರ್ಮಾಮೀಟರಿನಲ್ಲಿ ನೋಡುವುದು ಲೇಸು. ಕಾಳನ್ನು ಹಿಟ್ಟಾಗುವಷ್ಟು ಒಡೆದರೆ ಹಿಟ್ಟು ತಳಕ್ಕಿಳಿದು ಹೀಟರಿನ ಮೇಲೆ ಸೀದುಹೋಗುತ್ತದೆ, ಆ ಸೀಕಲು ರುಚಿ ಕೊನೆಯ ಲೋಟದವರೆಗೂ ಬಿಡುವುದಿಲ್ಲ. ಬಾರ್ಲಿಯ ಜೊತೆ ಗೋಧಿ ಹೆಚ್ಚಿದ್ದು ರಸ ಇಳಿಯದೆ ಕಟ್ಟಿಕೊಂಡರೆ ಮದ್ದು ಭತ್ತದ ಹೊಟ್ಟು. ಮಂಡ್ಯದ ಅಕ್ಕಿ ಗಿರಣಿಯ ಹಿಂದೆ ರಾಶಿ ಬೀಳುವ ಈ ಸರಕನ್ನು ಅಮೆರಿಕದಲ್ಲಿ ಪೊಟ್ಟಣ ಕಟ್ಟಿ ಡಾಲರಿಗೆ ಮಾರುತ್ತಾರೆ. ಅಲ್ಲಿನ ಕನ್ನಡಿಗರು ನಿಟ್ಟುಸಿರು ಬಿಟ್ಟಾದರೂ ಕೊಳ್ಳಲೇಬೇಕು. ಇನ್ನು ಕುದಿಸುವ ಮಾತು. ಅಮೆರಿಕದ 120 ವೋಲ್ಟಿನ ಪ್ಲಗ್ಗಿಗೆ ಸಿಗುವುದು 1600 ವ್ಯಾಟಿನ ಆಸುಪಾಸು. 25 ಲೀಟರ್ ರಸ 66ರಿಂದ 100 ಡಿಗ್ರಿಗೆ ಏರಲು ಬರೀ ಲೆಕ್ಕದಲ್ಲೇ 37 ನಿಮಿಷ ಬೇಕು, ಹಬೆಯಾಗಿ ಹೋಗುವ ಶಾಖ ಬೇರೆ. ಅವಸರಕ್ಕೆ ಮುಚ್ಚಳ ಮುಚ್ಚಿ ಬಿಸಿ ಮಾಡಬಹುದು. ಕುದಿ ಬಂದ ಮೇಲೂ ಮುಚ್ಚಿಟ್ಟರೆ ಹಬೆಯೊಂದಿಗೆ ಹೋಗಬೇಕಾದ ಗಂಧಕದ ಸಂಯುಕ್ತ ಒಳಗೇ ಉಳಿದು, ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಬರುತ್ತದೆ.

ಇಲ್ಲಿಗೆ ಯಂತ್ರದ ಪಾಳಿ ಮುಗಿಯಿತು, ಬಿಯರಿನದು ಇನ್ನೂ ಶುರುವೇ ಆಗಿಲ್ಲ. ಕುದಿದ ರಸವನ್ನು ಬೇಗ 20 ಡಿಗ್ರಿಗೆ ಇಳಿಸಬೇಕು. ಯಂತ್ರದ ಜೊತೆ ಬರುವ ತಾಮ್ರದ ಇಲ್ಲವೇ ಸ್ಟೀಲಿನ ಸುರುಳಿ ನಲ್ಲಿ ನೀರನ್ನು ನಂಬಿಕೊಂಡದ್ದು, ಟೆಕ್ಸಸ್ಸಿನ ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ. ಆಮೇಲೆ ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಕೆಲಸಕ್ಕಿಳಿದ ಯೀಸ್ಟು ತಾನೇ ಶಾಖ ಹುಟ್ಟಿಸಿಕೊಂಡು ಕೋಣೆಗಿಂತ ನಾಲ್ಕಾರು ಡಿಗ್ರಿ ಮೇಲೇರುತ್ತದೆ, ಆಗ ತಲೆನೋವಿನ ಘಾಟು ಗ್ಯಾರಂಟಿ. ಬೆಂಗಳೂರಿನ ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಉಬ್ಬಲಿಲ್ಲವೆಂದು ಯಾರೂ ಗ್ರೈಂಡರನ್ನು ಬೈಯುವುದಿಲ್ಲ. ಬಿಯರ್ ಕೆಟ್ಟಾಗ ಮಾತ್ರ ಇನ್ನೂ ದುಬಾರಿ ಯಂತ್ರದ ಕಡೆ ಕಣ್ಣು ಹೋಗುತ್ತದೆ. ಆ ದುಡ್ಡಿಗೆ ಒಂದು ಹಳೆಯ ಫ್ರಿಜ್ಜು, ಅದಕ್ಕೊಂದು ಉಷ್ಣತೆ ನಿಯಂತ್ರಕ ಕೊಂಡರೆ ರುಚಿ ಎರಡು ಮೆಟ್ಟಿಲು ಮೇಲೇರುತ್ತದೆ. ಶುಚಿಯ ಕಥೆಯೂ ಇದೇ. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತೇ ಒಂದು ಗ್ರಂಥ ಬರೆದು, ಅದು ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಸ್ಚಿಯನ್ ಹ್ಯಾನ್ಸೆನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿದ. ಬಿಯರನ್ನು ಉದ್ಧಾರ ಮಾಡಿದ ಇಬ್ಬರಿಗೂ ಮೊಬೈಲ್ ಆ್ಯಪ್ ಇರಲಿಲ್ಲ. ಕುದಿಯುವ ತನಕ ಮುಟ್ಟಿದ್ದೆಲ್ಲ ಕುದಿಯಲ್ಲೇ ಶುದ್ಧವಾಗುತ್ತದೆ. ತಣ್ಣಗಾದ ಮೇಲೆ ಮುಟ್ಟುವ ನಲ್ಲಿ, ಕೊಳವೆ, ಡಬ್ಬ ಎಲ್ಲಕ್ಕೂ ತೊಳೆದ ಮೇಲೂ ಸೋಂಕುನಿವಾರಕದ ಸ್ನಾನ ಆಗಲೇಬೇಕು. ಪಂಪಿನ ಹೊಟ್ಟೆಯಲ್ಲಿ ಉಳಿದ ಕಾಳಿನ ಚೂರನ್ನು ಅಂದೇ ತೆಗೆಯದಿದ್ದರೆ ಮುಂದಿನ ಸಲ ಅದನ್ನು ಮೂಗೇ ಪತ್ತೆ ಹಚ್ಚುತ್ತದೆ.

ಹಾಗಾದರೆ ಯಂತ್ರವೇಕೆ, ಒಂದು ದೊಡ್ಡ ಪಾತ್ರೆ, ಒಂದು ಬಟ್ಟೆ ಚೀಲ ಸಾಲದೇ ಎಂದು ಕೇಳಬಹುದು. ಸಾಲುತ್ತದೆ, ಹಾಗೆ ಮಾಡಿದ ಬಿಯರ್ ರುಚಿಯಲ್ಲಿ ಏನೂ ಕಡಿಮೆಯಿಲ್ಲ. ಯಂತ್ರದ ಬೆಲೆ ಇರುವುದು ರುಚಿಯಲ್ಲಲ್ಲ, ಸಾಕ್ಷಿಯಲ್ಲಿ. ಪ್ರತಿ ಸಲ ಅದೇ 66 ಡಿಗ್ರಿ, ಅದೇ ಒಂದು ಗಂಟೆ ಆದಾಗ, ಬಿಯರ್ ಹಾಳಾದರೆ ತಪ್ಪು ಎಲ್ಲಿಯದೆಂದು ಹುಡುಕುವ ಜಾಗ ಕಿರಿದಾಗುತ್ತದೆ. ಆದರೆ ಅದಕ್ಕೆ ನೀವು ಬರೆದಿಡಬೇಕು: ಆರಂಭದ ಸಾಂದ್ರತೆ 1.050, ಕೊನೆಗೆ 1.010, ಅಂದರೆ ಮದ್ಯಾಂಶ ಸುಮಾರು ಶೇ. 5.25. ಆ ಕೊನೆಯ ಸಾಂದ್ರತೆ ಎರಡು ಮೂರು ದಿನ ಕದಲದೆ ನಿಂತ ಮೇಲೆ ಬಾಟಲಿಗೆ ತುಂಬಬೇಕು. ಅವಸರ ಮಾಡಿದರೆ ಬಾಟಲಿ ಸಿಡಿದು, ತೊಳೆಯುವ ಪಟ್ಟಿಗೆ ಗೋಡೆಯೂ ಸೇರುತ್ತದೆ. ಅಂಗಡಿಯ ಬಿಯರೇ ಅಗ್ಗವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಯಂತ್ರದ ಬೆಲೆ ಹಿಡಿದು ಲೆಕ್ಕ ಹಾಕಿದರೆ ಹೌದು, ಐದಾರು ಗಂಟೆಯ ದುಡಿಮೆಗೆ ಕೂಲಿ ಹಿಡಿದರಂತೂ ಕೇಳುವುದೇ ಬೇಡ. ದುಡ್ಡು ಉಳಿಸುವ ಆಸೆಯವರು ಇತ್ತ ಬರಬಾರದು.

ಕರ್ನಾಟಕದಲ್ಲಿ ಕೂತು ಓದುವವರಿಗೆ ಈ ಚಿಂತೆಯೇ ಇಲ್ಲ: 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಇಲ್ಲಿರುವ ದಾರಿ ಮೈಕ್ರೋಬ್ರೂವರಿ. ಅಲ್ಲಿ ಒಂದು ಮಗ್ಗಿನ ಬಿಲ್ಲು ನೋಡಿ ಎದೆ ಧಸಕ್ಕೆಂದರೆ, ಯಾರೋ ಒಬ್ಬರು ಡ್ರಮ್ಮಿನೊಳಗೆ ತಲೆ ತೂರಿಸಿ ತಳ ತಿಕ್ಕಿದ ಕೂಲಿಯೂ ಅದರಲ್ಲಿದೆ ಎಂದುಕೊಳ್ಳಿ. ಇಷ್ಟು ಅಗ್ಗಕ್ಕೆ ಅವರಿಗೆ ಹೇಗೆ ಗಿಟ್ಟುತ್ತದೋ ಎಂದು ಆಗ ಅನ್ನಿಸುತ್ತದೆ.