ಆತಕೂರಿನ ಕಾಳಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾಳಿಯವರೇ,

ನಾಯಿಗೂ ಬಹುವಚನವೇ ಎಂದು ಓದುಗರು ಹುಬ್ಬೇರಿಸಬಹುದು. ಕೆರೆಯ ಕೆಳಗಿನ ಜಮೀನನ್ನು ತಮ್ಮ ಹೆಸರಿನಲ್ಲಿ ಮಂಜೂರು ಮಾಡಿಸಿಕೊಂಡವರನ್ನು ಏಕವಚನದಲ್ಲಿ ಕರೆಯುವ ಧೈರ್ಯ ನಮ್ಮ ನಾಡಿನಲ್ಲಿ ಅಂದೂ ಯಾರಿಗೂ ಇದ್ದಂತಿಲ್ಲ, ಇಂದಂತೂ ಇಲ್ಲವೇ ಇಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆಸ್ತಿಯಾಗಿ, ಕಲ್ಲಿನಲ್ಲಿ ಒಂದು ಕಾಡುಹಂದಿಯ ಮೇಲೆ ಎರಗಿ ನಿಂತಿರುವ ತಮಗೆ ತೊಂದರೆ ಕೊಡಲು ಕಾರಣವಿದೆ. ವಸ್ತುಸಂಗ್ರಹಾಲಯಗಳು ಇತಿಹಾಸ, ಸಂಸ್ಕೃತಿಗಳ ಬಗ್ಗೆ ಸಾರ್ವಜನಿಕರಿಗೆ ಉಚಿತ ಕಾರ್ಯಕ್ರಮ ನಡೆಸಬೇಕೇ, ನಡೆಸಿದರೆ ಹೇಗೆ ಎಂಬ ಮಾತು ಬಂದಾಗಲೆಲ್ಲ ಅಧಿಕಾರಿಗಳ, ಪ್ರಾಧ್ಯಾಪಕರ, ಪ್ರಾಯೋಜಕರ ಅಭಿಪ್ರಾಯ ಕೇಳುತ್ತಾರೆ. ಅಂಥದೇ ಒಂದು ಯೋಜನೆಯ ಫಲಾನುಭವಿಯಾಗಿ ಸಾವಿರ ವರ್ಷಕ್ಕೂ ಮೀರಿದ ಹಿರಿತನವುಳ್ಳ ತಮ್ಮನ್ನು ಮಾತ್ರ ಯಾರೂ ಕೇಳಿಲ್ಲ.

ತಮ್ಮ ಕಡತ ಹೀಗಿದೆ. ಶಕವರ್ಷ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಮುರಿದ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗ. ಬೂತುಗನ ಕಡೆಯ ಮಣಲೇರನೆಂಬ ವೀರನ ಸಾಹಸಕ್ಕೆ ಒಡೆಯ ಮೆಚ್ಚಿ, ಬೇಕಾದ್ದನ್ನು ಬೇಡು ಎಂದ. ಈಗಿನವರಾಗಿದ್ದರೆ ಯಾವುದಾದರೊಂದು ನಿಗಮದ ಅಧ್ಯಕ್ಷಗಿರಿ ಕೇಳುತ್ತಿದ್ದರು. ಆತ ಕೇಳಿದ್ದು ತಮ್ಮನ್ನು. ಮುಂದೆ ಕೆಳಲೆ ನಾಡಿನ ಬೆಳ್ತೂರಿನ ಪಡುವಣ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ತಮ್ಮನ್ನು ಛೂ ಬಿಟ್ಟಾಗ ಹಂದಿಯೂ ತಾವೂ ಒಟ್ಟಿಗೇ ಸತ್ತಿರಿ. ಈಗ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿರುವ ಆತಕೂರಿನಲ್ಲಿ, ಈಶ್ವರನ ಗುಡಿಯ ಮುಂದೆ, ತಮ್ಮ ಹೆಸರಿಗೆ ಕಲ್ಲು ನೆಟ್ಟರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನೂ ಬಿಟ್ಟರು. ಕಥೆ ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬೇಕಿರಲಿಲ್ಲ. ಆ ಮಣ್ಣಿಗೆ ಕೈಹಾಕಿದ ಊರಾಳ್ವರಿಗೂ ಒಕ್ಕಲಿಗೂ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ಆಮೇಲೆ ಇನ್ನೊಂದು ಕರಾರು ಸೇರಿಸಿದರು: ಗುಡಿಯನ್ನು ನೋಡಿಕೊಳ್ಳುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ.

ಆಡಳಿತದ ಕಣ್ಣಿನಿಂದ ಇದನ್ನು ನೋಡಿ. ಕಲ್ಲು ನಿಂತದ್ದು ಹೋಗಿಬರುವವರ ಕಣ್ಣಿಗೆ ಬೀಳುವ ಜಾಗದಲ್ಲಿ. ಖರ್ಚಿಗೆ ವರ್ಷವರ್ಷವೂ ಪೈರು ಕೊಡುವ ಹುಟ್ಟುವಳಿ ಇತ್ತು, ಮಾರ್ಚ್ ಮೂವತ್ತೊಂದಕ್ಕೆ ವಾಪಸು ಹೋಗುವ ಅನುದಾನವಲ್ಲ. ಕೆಲಸಕ್ಕೆ ಒಬ್ಬ ಆಸಾಮಿ ಇದ್ದ, ಉಪಸಮಿತಿಯಲ್ಲ. ಗಡುವೂ ಇತ್ತು, ಅದೂ ಆತನ ಊಟದ ಹೊತ್ತೇ. ಹಸಿವಿನಷ್ಟು ನಿಷ್ಠುರವಾದ ಮೇಲ್ವಿಚಾರಕ ಯಾವ ಇಲಾಖೆಯಲ್ಲೂ ಇಲ್ಲ. ಪೂಜೆ ಬೇರೆ, ಪಾಠ ಬೇರೆ ಎಂದು ಯಾರಾದರೂ ಹೇಳಬಹುದು, ಹೇಳಲಿ. ದಿನಾ ಒಬ್ಬ ಮನುಷ್ಯ ಒಂದು ಕಲ್ಲಿನ ಮುಂದೆ ನಿಂತರೆ ಇದು ಯಾರದು, ಯಾಕೆ ಎಂದು ಮಗುವೊಂದು ಕೇಳುತ್ತದೆ, ಅವನು ಹೇಳಬೇಕಾಗುತ್ತದೆ. ಉಚಿತ ಕಾರ್ಯಕ್ರಮಕ್ಕೆ ಬೇಕಾದ್ದು ಇಷ್ಟೇ ಎಂಬುದು ನನ್ನ ವಾದ. ಟಿಕೆಟ್ಟಿನ ಹಣ ಬಿಡುವುದು ಅದರಲ್ಲಿ ಅತಿ ಚಿಕ್ಕ ಭಾಗ. ಹೇಳುವ ಬಾಯಿಗೆ ಅನ್ನ ಹಾಕಿ, ಆ ಬಾಯಿ ದಿನಾ ಅಲ್ಲೇ ಇರುವಂತೆ ನೋಡಿಕೊಳ್ಳುವುದು ದೊಡ್ಡ ಭಾಗ. ನಾವು ಚಿಕ್ಕದನ್ನು ಮಾಡಿ ದೊಡ್ಡದರ ಪುಣ್ಯ ಬರೆದುಕೊಳ್ಳುತ್ತಿದ್ದೇವೆ.

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1977ರಿಂದ ಜಗತ್ತು ಅದನ್ನು ಆಚರಿಸುತ್ತಿದೆ. ಏಪ್ರಿಲ್ 18 ವಿಶ್ವ ಪರಂಪರೆಯ ದಿನ, ನವೆಂಬರಿನಲ್ಲಿ ಪರಂಪರೆಗೆ ಒಂದು ಇಡೀ ವಾರ. ಇಂಥ ದಿನಗಳಲ್ಲಿ ನಮ್ಮ ಕಡೆಯ ಉಚಿತ ಕಾರ್ಯಕ್ರಮ ಹೇಗಿರುತ್ತದೆ ಎಂಬುದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಫ್ಲೆಕ್ಸಿನಲ್ಲಿ ಗಣ್ಯರ ಮುಖ ದೊಡ್ಡದಿರುತ್ತದೆ, ಶಿಲ್ಪದ ಮುಖ ಅಂಚೆಚೀಟಿಯಷ್ಟು. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಉದ್ಘಾಟಕರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟ ಮೇಲೆ ಅವರ ಹಿಂದೆ ಅರ್ಧ ಸಭೆ ಏಳುತ್ತದೆ. ಮೂವತ್ತು ವರ್ಷ ಶಾಸನ ಓದಿದ ವಿದ್ವಾಂಸರ ಕೈಗೆ ಮೈಕು ಬರುವ ಹೊತ್ತಿಗೆ ಸಮಯದ ಅಭಾವವೂ ಬಂದಿರುತ್ತದೆ. ಎರಡೇ ಮಾತು ಸಾರ್, ಎಂದು ನಿರೂಪಕರು ಕಿವಿಯಲ್ಲಿ ಹೇಳುತ್ತಾರೆ. ವಂದನಾರ್ಪಣೆ, ಉಪ್ಪಿಟ್ಟು, ಗುಂಪು ಫೋಟೊ. ಹಣ ಬಳಕೆ ಪ್ರಮಾಣಪತ್ರಕ್ಕೆ ಫೋಟೊ ಸಾಕು. ಕಲ್ಲು ಇರುವ ಕೋಣೆಗೆ ಯಾರೂ ಕಾಲಿಡದೆಯೇ ಕಲ್ಲಿನ ಬಗೆಗಿನ ಕಾರ್ಯಕ್ರಮ ಯಶಸ್ವಿಯಾಗುವುದು ನಮ್ಮ ನಾಡಿನ ಒಂದು ವಿಶಿಷ್ಟ ಸಾಧನೆ. ಇದರ ಹೆಗ್ಗಳಿಕೆ ಯಾವುದೋ ಒಂದು ಕಚೇರಿಯದಲ್ಲ, ನಮ್ಮೆಲ್ಲರದು.

ಇದಕ್ಕೆ ಮೊದಲ ಸಮಜಾಯಿಷಿ, ಜನರಿಗೇ ಆಸಕ್ತಿಯಿಲ್ಲ ಎಂಬುದು. ತಾವಿರುವ ಸಂಸ್ಥೆಯ ಚರಿತ್ರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಅದು ಶುರುವಾದದ್ದು 1865ರಲ್ಲಿ, ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯನ ಉಮೇದಿನಿಂದ. ಆಗ ಚೀಫ್ ಕಮಿಷನರ್ ಆಗಿದ್ದವರು ಬೌರಿಂಗ್. ದಂಡಿನ ಹಳೆಯ ಜೈಲು ಕಟ್ಟಡವೇ ಅದರ ಮೊದಲ ಮನೆ. ಮ್ಯೂಸಿಯಂ ರಸ್ತೆಗೆ ಆ ಹೆಸರು ಉಳಿದದ್ದು ಹಾಗೆ. ಈಗಿನ ಕಟ್ಟಡಕ್ಕೆ ಬಂದ ಮೇಲೆ ಹಳ್ಳಿಗಾಡಿನ ಜನ ಅದನ್ನು ‘ತಮಾಷೆ ಬಂಗಲೆ’ ಎಂದು ಕರೆದು ಮುಗಿಬಿದ್ದು ಬರುತ್ತಿದ್ದರು. ಓದು ಬರಹ ಬಾರದ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಇದ್ದ ಆಸಕ್ತಿ, ಮೆಟ್ರೋ ಬಂದ ಮೇಲೆ ಆವಿಯಾಯಿತೆಂದು ನಂಬುವುದು ಕಷ್ಟ. ಬಾಲ್ಫರನಿಗೆ ಜನರ ನಾಡಿ ಗೊತ್ತಿತ್ತು. ಅದಕ್ಕೆ ಮೊದಲು 1851ರಲ್ಲಿ ಮದ್ರಾಸಿನ ಮ್ಯೂಸಿಯಂ ಕಟ್ಟಿದಾಗ ಅವನು ಅಲ್ಲಿ ಜೀವಂತ ಹುಲಿ, ಚಿರತೆಗಳನ್ನೇ ಇಟ್ಟ. ಅವನ್ನು ನೋಡಲು ಬಂದ ಜನ ಸಾವಿರಗಟ್ಟಲೆ, 1855ರ ಹೊತ್ತಿಗೆ ಅದು ಮೃಗಾಲಯವಾಗಿಯೇ ಬೆಳೆಯಿತು. ತಮ್ಮ ಕಲ್ಲಿನ ಪಕ್ಕ ಒಂದು ಬೇಟೆನಾಯಿ ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ. ಮುಧೋಳದವರು ಹಾಗೆ ಹೇಳಿದರೆ ಮಾತ್ರ ಆಕ್ಷೇಪಿಸುವವನೂ ಅಲ್ಲ.

ದೂರದ ಉದಾಹರಣೆ ಬೇಡವೆಂದರೆ ಪಕ್ಕದ ಗೇಟನ್ನೇ ನೋಡಬಹುದು. 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಟಿಕೆಟ್ ಕೊಂಡೇ ಹೋಗಬೇಕು. ಆದರೂ ಶಾಲಾ ಬಸ್ಸುಗಳು ಅಲ್ಲಿ ಸಾಲುಗಟ್ಟುತ್ತವೆ. ಅಲ್ಲಿ ಕತ್ತು ಅಲ್ಲಾಡಿಸುವ ಡೈನೋಸಾರ್ ಇದೆ, ನಿಜ. ಜೊತೆಗೆ ಮಕ್ಕಳ ಮುಂದೆ ನಿಂತು ಪ್ರಯೋಗ ಮಾಡಿ ತೋರಿಸುವ ಮನುಷ್ಯನೂ ಇದ್ದಾನೆ. ಭೌತಶಾಸ್ತ್ರಕ್ಕೆ ಒಬ್ಬ ವಿವರಿಸುವವನು ಬೇಕು ಎಂದು ಒಪ್ಪುವ ನಾವು, ಹತ್ತನೆಯ ಶತಮಾನದ ಕನ್ನಡ ಲಿಪಿ ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ ಎಂದು ಅದು ಹೇಗೆ ನಂಬಿದೆವೋ!

ಎರಡನೆಯ ಆಕ್ಷೇಪ ಗಂಭೀರ ಮುಖದ್ದು: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಈ ಮಾತನ್ನು ಹೆಚ್ಚಾಗಿ ಹೇಳುವವರು ಪುಕ್ಕಟೆ ಪಾಸು ಹಿಡಿದು ಮುಂದಿನ ಸಾಲಿನಲ್ಲಿ ಕೂರುವವರು ಎಂಬ ಕುಹಕ ಹಾಗಿರಲಿ, ಇದರಲ್ಲಿ ಪರಿಶೀಲಿಸಬೇಕಾದ ಸಂಗತಿಯಿದೆ. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳು 2001ರ ಡಿಸೆಂಬರಿನಲ್ಲಿ ಪ್ರವೇಶ ಶುಲ್ಕ ತೆಗೆದುಹಾಕಿದವು. ಮೊದಲು ಶುಲ್ಕವಿದ್ದ ಕಡೆ ಜನ ಬಹಳ ಹೆಚ್ಚಿದರು. ಆದರೆ ಬಂದವರು ಯಾರು ಎಂದು ನೋಡಿದಾಗ ಹಿಂದೆಯೂ ಬರುತ್ತಿದ್ದ ವರ್ಗದವರ ಪಾಲೇ ದೊಡ್ಡದಿತ್ತು. ಇದನ್ನು ಹಿಡಿದು ಉಚಿತ ಎಂಬುದೇ ದಂಡ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಬಾಗಿಲು ತೆಗೆದರೆ ಬಾಗಿಲ ಬಳಿ ಮೊದಲೇ ನಿಂತವರು ಒಳಗೆ ಬರುತ್ತಾರೆ. ಉಳಿದವರಿಗೆ ಬಾಗಿಲು ಎಲ್ಲಿದೆ ಎಂದು ಯಾರಾದರೂ ಹೇಳಬೇಕು. ನಮ್ಮಲ್ಲೇ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಿಗೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಹಾಗೆ ಶುಲ್ಕವಿಲ್ಲದೆ ಒಳಹೊಕ್ಕ ಮಗುವಿನ ಕಿವಿಗೆ ಅಲ್ಲಿ ಬೀಳುವುದು ಸಾಮಾನ್ಯವಾಗಿ ಮೂರು ಮಾತು: ಸಾಲಾಗಿ ನಡಿ, ಮುಟ್ಟಬೇಡ, ಬಸ್ಸು ಹೊರಡುತ್ತೆ. ಬೆಲೆ ಕಳೆದುಕೊಂಡಿದ್ದರೆ ಅದು ಟಿಕೆಟ್ ಇಲ್ಲದ್ದಕ್ಕಲ್ಲ, ನಾಲ್ಕನೆಯ ಮಾತು ಇಲ್ಲದ್ದಕ್ಕೆ.

ಹಣವಿಲ್ಲ ಎಂಬುದು ಮೂರನೆಯದು. ಒಂದು ವೇದಿಕೆ ಕಾರ್ಯಕ್ರಮದ ಶಾಮಿಯಾನ, ಧ್ವನಿವರ್ಧಕ, ಹೂವಿನ ಅಲಂಕಾರ, ಪೇಟ, ಶಾಲು, ನೆನಪಿನ ಕಾಣಿಕೆಗಳಿಗೆ ಆಗುವ ಖರ್ಚಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತ ಒಬ್ಬರು ಎಷ್ಟು ಭಾನುವಾರ ಕಲ್ಲಿನ ಪಕ್ಕ ನಿಲ್ಲಬಹುದು ಎಂಬ ಲೆಕ್ಕವನ್ನು ಬಿಲ್ಲು ಪಾಸು ಮಾಡುವವರೇ ಹಾಕಲಿ. ಆಗ ತಕ್ಷಣ ಬರುವ ಮಾತು, ಅದಕ್ಕೆ ಸ್ವಯಂಸೇವಕರಿದ್ದಾರಲ್ಲ ಎಂಬುದು. ಇದ್ದಾರೆ, ಅವರಿಂದಲೇ ಎಷ್ಟೋ ಕಲ್ಲುಗಳು ಕಸದ ರಾಶಿಯಿಂದ ಎದ್ದು ಬಂದಿವೆ. ಆದರೆ ಆತಕೂರಿನವರು ಗೊರವನನ್ನು ಸ್ವಯಂಸೇವಕ ಎಂದು ಹೊಗಳಿ ಪ್ರಮಾಣಪತ್ರ ಕೊಟ್ಟು ಕಳಿಸಲಿಲ್ಲ. ಕಲ್ಲಿಗೆ ಮಣ್ಣು ಬಿಟ್ಟು ಆಮೇಲೆ ಆಣೆ ಹಾಕಿದರು. ಕೂಲಿ ಕೊಟ್ಟವರಿಗೆ ಮಾತ್ರ ಶಾಪ ಹಾಕುವ ಹಕ್ಕಿರುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಎಲ್ಲವೂ ಮೊಬೈಲಿನಲ್ಲೇ ಇದೆ ಎನ್ನುವವರಿಗೂ ಉತ್ತರ ಕೊಡಬೇಕು. ನಿಜಕ್ಕೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರವೂ ಎದ್ದು ಕಾಣುವಂತೆ ಸಾರ್ವಜನಿಕರಿಗೆ ಕೊಡುತ್ತಿದ್ದಾರೆ, ಅದೂ ಉಚಿತವೇ. ಆದರೆ ಹುಡುಕಲು ಮೊದಲು ಹೆಸರು ಗೊತ್ತಿರಬೇಕಲ್ಲ. ಆತಕೂರು ಎಂದು ಟೈಪು ಮಾಡುವ ಮನಸ್ಸು ಎಲ್ಲೋ ಒಂದು ಕಡೆ ಹುಟ್ಟಬೇಕು. ಅದು ತಮ್ಮ ಕಲ್ಲಿನೆದುರು ಹುಟ್ಟುವಷ್ಟು ಚೆನ್ನಾಗಿ ಬೇರೆಲ್ಲೂ ಹುಟ್ಟದು. ಮೇಲೂ ಕೆಳಗೂ ಚಕ್ರವರ್ತಿಯ ಬಿರುದು, ಯುದ್ಧ, ದತ್ತಿಗಳ ಸಾಲುಗಳು ಒತ್ತೊತ್ತಾಗಿ ಕೂತಿರುವ ಕಲ್ಲಿನ ನಡುವೆ ಕೆತ್ತನೆ ಮಾಡಿರುವುದು ರಾಜನದ್ದಲ್ಲ, ನಾಯಿ ಮತ್ತು ಹಂದಿಯದ್ದು. ಕೃಷ್ಣನ ಗೆಲುವೂ ಬೂತುಗನ ಪರಾಕ್ರಮವೂ ನಮಗೆ ಇಷ್ಟು ವಿವರವಾಗಿ ತಿಳಿದದ್ದು ಒಂದು ಬೇಟೆಯ ನೆಪದಲ್ಲಿ. ಇದನ್ನು ತೋರು ಬೆರಳಿನಿಂದ ತೋರಿಸಿ ಹೇಳಿದರೆ ಎಂಟನೆಯ ತರಗತಿಯ ಹುಡುಗಿಗೂ ಚರಿತ್ರೆಯ ಆಕರ ಎಂದರೇನೆಂಬುದು ಅರ್ಥವಾಗುತ್ತದೆ.

ಕೆಲವರಿಗೆ ಇನ್ನೊಂದು ಭಯವಿದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ: ಬೀದಿಯ ಜನರ ಕೈಗೆ ಇತಿಹಾಸ ಕೊಟ್ಟರೆ ಜಗಳವಾಗುತ್ತದೆ. ಕನ್ನಡದ ದೊರೆ ತಮಿಳು ರಾಜಕುಮಾರನನ್ನು ಕೊಂದ ಎಂಬ ಕಲ್ಲಿನ ಮುಂದೆ ಸಭೆ ಸೇರಿಸಿದರೆ ಘೋಷಣೆ ಕೂಗುತ್ತಾರೆ ಎಂಬ ಅಂಜಿಕೆ. ಘೋಷಣೆಗಳು ಹುಟ್ಟುವುದು ಅರ್ಧ ಕೇಳಿದವರ ಗಂಟಲಿನಲ್ಲಿ. ಚೋಳರ ಲೈಡನ್ ತಾಮ್ರಪಟಗಳಲ್ಲಿ ಇದೇ ರಾಜಾದಿತ್ಯ ಆನೆಯ ಮೇಲೆ ಕುಳಿತೇ ಬಾಣಗಳಿಗೆ ಎದೆಯೊಡ್ಡಿ ವೀರಸ್ವರ್ಗ ಸೇರುತ್ತಾನೆ. ಗೆದ್ದವರ ಕಲ್ಲನ್ನೂ ಸೋತವರ ತಾಮ್ರವನ್ನೂ ಒಂದೇ ಸಂಜೆ, ಎರಡೂ ಭಾಷೆ ಬಲ್ಲ ಊರಿನಲ್ಲಿ, ಅಕ್ಕಪಕ್ಕ ಇಟ್ಟು ಓದಿಸಿದರೆ ಆಗುವುದು ಜಗಳವಲ್ಲ, ಪ್ರಶ್ನೆ. ಇಬ್ಬರಲ್ಲಿ ಯಾರನ್ನು ಎಷ್ಟು ನಂಬುವುದು, ಹೊಗಳಿಕೆಯನ್ನು ಸೋಸಿ ಸಂಗತಿಯನ್ನು ಹೇಗೆ ತೆಗೆಯುವುದು ಎಂಬ ಅಭ್ಯಾಸ ಅಲ್ಲಿ ಆಗುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ಇತಿಹಾಸವನ್ನು ಮುಂದಕ್ಕೆ ತಳ್ಳುವ ಮುನ್ನ ಒಂದು ಕ್ಷಣ ತಡೆಯುವ ಬೆರಳು ಅಂಥ ಸಂಜೆಗಳಿಂದ ತಯಾರಾಗಬೇಕೇ ಹೊರತು ಇನ್ನೆಲ್ಲಿಂದಲೂ ಅಲ್ಲ.

ಹೀಗಾಗಿ ತಮ್ಮಲ್ಲಿ ಅರಿಕೆ ಇಷ್ಟು. ತಮ್ಮ ಹೆಸರಿನ ದತ್ತಿಯ ಷರತ್ತುಗಳನ್ನು ನಾಡಿನ ಎಲ್ಲ ವಸ್ತುಸಂಗ್ರಹಾಲಯಗಳ ಉಚಿತ ಕಾರ್ಯಕ್ರಮಗಳಿಗೂ ವಿಸ್ತರಿಸಲು ಅನುಮತಿ ಕೊಡಬೇಕು. ವೇದಿಕೆಯ ಬದಲು ಕಲ್ಲಿನ ಪಕ್ಕ, ವರ್ಷಕ್ಕೊಮ್ಮೆಯ ಬದಲು ವಾರವಾರ, ಸಂಬಳ ಪಡೆಯುವ ಒಬ್ಬ ವ್ಯಕ್ತಿ ನಿಲ್ಲಬೇಕು. ಭಾನುವಾರ ಬಿಡುವಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಆಟೋದವರಿಗೆ, ಕಬ್ಬನ್ ಪಾರ್ಕಿಗೆ ಗಾಳಿ ಸೇವನೆಗೆ ಬಂದು ಪಕ್ಕದ ಕಟ್ಟಡ ಏನೆಂದು ಕೇಳದೆ ಹೋಗುವವರಿಗೆ ಅನುಕೂಲವಾದ ಹೊತ್ತು ಗೊತ್ತು ಮಾಡಬೇಕು. ಉದ್ಘಾಟಕರು ಬರಲಿ, ಬೇಡವೆನ್ನುವುದಿಲ್ಲ. ಒಂದು ಕಲ್ಲಿನ ಕಥೆಯನ್ನು ಪೂರ್ತಿ ಕೇಳಿದ ಮೇಲೆ ಶಾಲು. ಸಂಘಟಕರಿಗೆ ಅದಾದ ಮೇಲೆ ಉಪ್ಪಿಟ್ಟು. ಮೀರಿದವರಿಗೆ ತಾವು ಮಾಡಿದ ಪಾಪ ತಟ್ಟಲಿ. ತಾವು ಮಾಡಿದ ಪಾಪ ಯಾವುದೆಂದು ಶಾಸನ ವಿವರಿಸದಿರುವುದರಿಂದ ಕಾನೂನು ಇಲಾಖೆ ಇದಕ್ಕೆ ಕೊಕ್ಕೆ ಹಾಕಬಹುದು. ಆ ಬಗ್ಗೆ ತಮ್ಮ ಸ್ಪಷ್ಟೀಕರಣ ಬಂದರೆ ಕಡತ ಮುಂದೆ ಚಲಿಸಲು ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆದಾರ

ಪ್ರತಿ: ಅದೇ ಕಲ್ಲಿನಲ್ಲಿರುವ ಹಂದಿಯವರಿಗೆ, ಮಾಹಿತಿಗಾಗಿ. ತಮ್ಮ ಕಡೆಯ ಹೇಳಿಕೆಯನ್ನು ಯಾರೂ ದಾಖಲಿಸಿಲ್ಲವೆಂಬ ದೂರು ನ್ಯಾಯವಾದದ್ದು. ಎರಡನೆಯ ಭಾನುವಾರದ ವಿಷಯ ಅದೇ.