ಗೇರ್ ಬಾಕ್ಸಿನ ಕುಶಲೋಪರಿ

ವಾಹನದ ವಿಷಯದಲ್ಲಿ ನಮ್ಮವರ ಭಕ್ತಿ ದೊಡ್ಡದು. ಆಯುಧ ಪೂಜೆಯ ದಿನ ಬಾನೆಟ್ಟಿಗೆ ವಿಭೂತಿ, ಮುಂದಕ್ಕೆ ಸೇವಂತಿಗೆ ಹಾರ, ಚಕ್ರಕ್ಕೊಂದು ನಿಂಬೆಹಣ್ಣು, ದೃಷ್ಟಿ ತೆಗೆಯಲು ಬೂದುಗುಂಬಳ. ವೈಪರ್ ಕಡ್ಡಿಗೂ ಒಂದು ಬೊಟ್ಟು ಬೀಳುತ್ತದೆ. ಕುಂಕುಮ ಕಾಣದೆ ಉಳಿಯುವುದು ಗೇರ್ ಬಾಕ್ಸ್ ಒಂದೇ. ಅದಿರುವ ಜಾಗಕ್ಕೆ ಬೊಟ್ಟಿಡಬೇಕೆಂದರೆ ಪುರೋಹಿತರು ಮಡಿಪಂಚೆಯಲ್ಲೇ ಕಾರಿನಡಿ ಅಂಗಾತ ಮಲಗಬೇಕು.

ಎಂಜಿನ್ನಿಗಿರುವ ಮರ್ಯಾದೆ ಇದಕ್ಕಿಲ್ಲ. ಎಂಜಿನ್ ಆಯಿಲ್ಲಾದರೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು, ಏನೋ ಅರ್ಥವಾದವರಂತೆ ತಲೆಯಾಡಿಸುತ್ತೇವೆ. ನಮ್ಮ ಸಾಮಾನ್ಯ ಕಾರುಗಳ ಗೇರ್ ಬಾಕ್ಸಿಗೆ ಅಂಥ ಕಡ್ಡಿಯೂ ಇಲ್ಲ, ಎಣ್ಣೆ ಇಳಿದರೆ ಹೊತ್ತಿಕೊಳ್ಳುವ ದೀಪವೂ ಇಲ್ಲ. ಕಷ್ಟ ಹೇಳಿಕೊಳ್ಳಲು ಅದಕ್ಕಿರುವುದು ಗಂಟಲೊಂದೇ. ಎರಡನೇ ಗೇರಿಗೆ ಹಾಕುವಾಗ 'ಕರ್ರ್' ಅನ್ನುತ್ತದೆ. ನಾವು ಹಾಡಿನ ವಾಲ್ಯೂಮ್ ಏರಿಸುತ್ತೇವೆ.

ಹಿಂದಿನವರಿಗೆ ಈ ಸೌಕರ್ಯವಿರಲಿಲ್ಲ. ಹಳೆಯ ಅಂಬಾಸಿಡರಿನಲ್ಲಿ ಗೇರು ಸ್ಟೇರಿಂಗಿನ ಪಕ್ಕದಲ್ಲಿತ್ತು, ಹ್ಯಾಂಡ್ ಗೇರ್. ಅದರ ಒಂದನೇ ಗೇರಿಗೆ ಸಿಂಕ್ರೋ ಇರಲಿಲ್ಲ. ಗಾಡಿ ಉರುಳುತ್ತಿರುವಾಗಲೇ ಹಾಕಹೋದರೆ ಹಲ್ಲು ಕಡಿಯುವ ಸದ್ದು ಬೀದಿಗೆಲ್ಲ ಕೇಳಿ, ಡ್ರೈವರನ ಮಾನ ಅಲ್ಲೇ ಹೋಗುತ್ತಿತ್ತು. ಲಾರಿ ಓಡಿಸುವವರು ಡಬಲ್ ಕ್ಲಚ್ ಕಲಿತಿರಲೇಬೇಕಿತ್ತು: ತುಳಿದು ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಒಂದಿಷ್ಟು ರೇಸ್ ಮಾಡಿ, ಮತ್ತೆ ತುಳಿದು ಕೆಳಗಿನ ಗೇರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ಬಂದಲ್ಲಿಂದ ಈ ಕಸರತ್ತು ನಿಧಾನವಾಗಿ ತಪ್ಪಿತು. ಒಳಗೊಂದು ಹಿತ್ತಾಳೆಯ ಉಂಗುರ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡನ್ನು ಮೊದಲು ಒಂದೇ ವೇಗಕ್ಕೆ ತಂದು, ಜಾತಕ ಕೂಡಿಸುವ ಜೋಯಿಸರ ಹಾಗೆ, ಆಮೇಲಷ್ಟೇ ಗಂಟು ಹಾಕಲು ಬಿಡುತ್ತದೆ. ರಿವರ್ಸಿಗೆ ಬಹುತೇಕ ಗಾಡಿಗಳಲ್ಲಿ ಇಂದಿಗೂ ಈ ಜೋಯಿಸರಿಲ್ಲ. ಅದಕ್ಕೇ ಪೂರ್ತಿ ನಿಂತು, ಕ್ಲಚ್ ತುಳಿದು, ಒಂದು ಉಸಿರು ಬಿಟ್ಟು ಹಾಕಬೇಕು.

ನನ್ನ ಷಡ್ಡಕರಿಗೆ ಉಸಿರು ಬಿಡುವಷ್ಟು ಪುರುಸೊತ್ತಿಲ್ಲ. ಅವರ ಎಡಗಾಲಿನ ಖಾಯಂ ವಿಳಾಸ ಕ್ಲಚ್ ಪೆಡಲ್, ಎಡಗೈಯದ್ದು ಗೇರಿನ ಗುಬಟು. ಕಾಲು ಸುಮ್ಮನೆ ಇಟ್ಟಿದ್ದೇನೆ ಎಂದು ಅವರ ವಾದ. ಆ 'ಸುಮ್ಮನೆ'ಯಲ್ಲೇ ರಿಲೀಸ್ ಬೇರಿಂಗ್ ಸವೆಯುತ್ತದೆ, ಕ್ಲಚ್ ಪ್ಲೇಟ್ ಜಾರಿ ಸುಟ್ಟ ವಾಸನೆ ಬರುತ್ತದೆ. ಗೇರಿನ ಮೇಲೆ ಸದಾ ಕೈಭಾರ ಬಿಟ್ಟರೆ ಒಳಗಿನ ಫೋರ್ಕ್ ತಿರುಗುವ ಭಾಗಕ್ಕೆ ಒತ್ತಿಕೊಂಡು ತೇಯುತ್ತದೆ. ಆಗುಂಬೆ ಘಾಟಿ ಇಳಿಯುವಾಗಲಂತೂ ಅವರು ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿಬಿಡುತ್ತಾರೆ. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಮಂಜುನಾಥನನ್ನು ನೆನೆಯುತ್ತಾರೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಪೆಟ್ರೋಲ್ ಹನಿಯುವುದೇ ನಿಲ್ಲುತ್ತದೆ; ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲೆಂದು ಪೆಟ್ರೋಲ್ ಸುಡುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಬ್ರೇಕ್ ಕಾದ ವಾಸನೆ ಮಾತ್ರ ಪುಕ್ಕಟೆ.

ಕೊನೆಗೊಮ್ಮೆ 'ಕರ್ರ್' ಶಬ್ದ ಹಾಡನ್ನೂ ಮೀರಿದಾಗ ಅವರ ಜೊತೆ ನಾನೂ ಗ್ಯಾರೇಜಿಗೆ ಹೋದೆ. ಗೇರ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಮೇಸ್ತ್ರಿ ಕೇಳಿದ.

"ಅದನ್ನೇನು ಬದಲಿಸೋದು? ಲೈಫ್ ಟೈಮ್ ಆಯಿಲ್ಲಪ್ಪ ಅದು" ಎಂದರು ಷಡ್ಡಕರು.

"ಯಾರ ಲೈಫು ಸಾರ್?" ಎಂದ ಮೇಸ್ತ್ರಿ, ತಲೆಯೆತ್ತದೆ.

ಆ ಮನುಷ್ಯನ ಕೆಲಸ ನೋಡುವಂಥದ್ದು. ಎಣ್ಣೆ ಬಿಸಿಯಾಗಿ ಸರಾಗ ಇಳಿಯಲೆಂದು ಒಂದು ಸುತ್ತು ಓಡಿಸಿ ತಂದು, ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿಕೊಂಡ. ಮೊದಲು ಬಿಚ್ಚಿದ್ದು ಎಣ್ಣೆ ತುಂಬುವ ಮೇಲಿನ ನಟ್ಟು, ಕೆಳಗಿನದಲ್ಲ. "ಕೆಳಗಡೇದು ಬಿಚ್ಚಿ ಎಣ್ಣೆಯೆಲ್ಲ ಚೆಲ್ಲಿದ ಮೇಲೆ ಮೇಲಿಂದು ಜಾಮ್ ಆಗಿದೆ ಅಂತ ಗೊತ್ತಾದರೆ? ಗಾಡಿ ಇಲ್ಲೇ ಸಂಸಾರ ಹೂಡುತ್ತೆ ಸಾರ್." ತೂತಿನಲ್ಲಿ ಕಿರುಬೆರಳು ಬಗ್ಗಿಸಿ ನೋಡಿದ. ಎಣ್ಣೆ ತೂತಿನ ಅಂಚಿಗೆ ಮುಟ್ಟಿರಬೇಕು. ಬೆರಳಿಗೆ ಸಿಗಲೇ ಇಲ್ಲ. ಕೆಳಗಿನ ನಟ್ಟು ಬಿಚ್ಚಿದಾಗ ಕರಿಬಣ್ಣದ ದ್ರವ ಬಾಂಡ್ಲಿಗೆ ಇಳಿಯಿತು. ನಟ್ಟಿನ ತುದಿಯ ಮ್ಯಾಗ್ನೆಟ್ಟಿಗೆ ಬೂದುಬಣ್ಣದ ಮೆತ್ತನೆಯ ಕೆಸರು ಅಂಟಿಕೊಂಡಿತ್ತು. ಅದನ್ನು ಹೆಬ್ಬೆರಳಿನಲ್ಲಿ ತಿಕ್ಕಿ, ಚೂರು ಸಿಗುತ್ತದೆಯೇ ಎಂದು ನೋಡಿದ. ನುಣ್ಣಗಿದ್ದರೆ ವಯೋಸಹಜ ಸವೆತ. ಚಕ್ಕೆ, ಚೂರು ಸಿಕ್ಕರೆ ಒಳಗೆ ಯಾವುದೋ ಹಲ್ಲು ಮುರಿದಿದೆ ಎಂದರ್ಥ, ಬಾಕ್ಸ್ ಇಳಿಸಬೇಕು. ಸಿಗಲಿಲ್ಲ. ಷಡ್ಡಕರು ಅಲ್ಲೇ ಗೋಡೆಯ ಮೇಲಿದ್ದ ಗಣಪತಿಗೆ ಕೈಮುಗಿದರು.

ಹೊಸ ಎಣ್ಣೆ ತರುತ್ತೇನೆಂದು ಅವರೇ ಅಂಗಡಿಗೆ ಹೊರಟರು. ಕೈಪಿಡಿಯಲ್ಲಿ ಜಿಎಲ್-4 ಎಂದಿತ್ತು, ತಂದದ್ದು ಜಿಎಲ್-5. "ನಾಲ್ಕಕ್ಕಿಂತ ಐದು ಮೇಲಲ್ಲವೇನಯ್ಯಾ" ಎಂದು ನನ್ನನ್ನೇ ಕೇಳಿದರು. ಮೇಸ್ತ್ರಿ ಡಬ್ಬ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಭಾರೀ ಒತ್ತಡ ತಡೆಯಲೆಂದು ಐದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಅದು ಹಿತ್ತಾಳೆಗೆ ಆಗಿಬರುವುದಿಲ್ಲ, ಸಿಂಕ್ರೋ ಉಂಗುರವನ್ನು ಮೆಲ್ಲಗೆ ತಿನ್ನುತ್ತದೆ. ನಂಬರು ದೊಡ್ಡದಾದಷ್ಟೂ ಮಾಲು ಒಳ್ಳೆಯದು ಎನ್ನುವ ಲೆಕ್ಕ ಎಸ್ಸೆಸ್ಸೆಲ್ಸಿಗೆ ಸರಿ, ಗೇರ್ ಬಾಕ್ಸಿಗಲ್ಲ. ಸರಿಯಾದ ಡಬ್ಬ ಬಂದ ಮೇಲೆ ಹೊಸ ವಾಷರ್ ಹಾಕಿ, ಕೆಳಗಿನದನ್ನು ಬಿಗಿದು, ಮೇಲಿನ ತೂತಿನಿಂದ ಎಣ್ಣೆ ಹೊರಗೆ ಒಸರುವವರೆಗೆ ತುಂಬಿದ. ಸವೆದ ಉಂಗುರ ಹೊಸ ಎಣ್ಣೆಗೆ ಬೆಳೆಯುವುದಿಲ್ಲ ಎಂದೂ ಎಚ್ಚರಿಸಿದ. ಆದರೂ ಎರಡನೇ ಗೇರು ಎಷ್ಟೋ ಮೆದುವಾಯಿತು.

ಈಗ ಷಡ್ಡಕರು ಗೇರೇ ಇಲ್ಲದ ಕಾರು ಕೊಳ್ಳುವ ಯೋಚನೆಯಲ್ಲಿದ್ದಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಮೇಲೆ ಅವರ ಕಣ್ಣು. ಅದರಲ್ಲಿ ಗೇರೂ ಇದೆ, ಕ್ಲಚ್ಚೂ ಇದೆ. ತುಳಿಯುವ ಕಾಲು ಮಾತ್ರ ನಿಮ್ಮದಲ್ಲ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಂಡರೆ ಅಲ್ಲೂ ಪ್ಲೇಟ್ ಸುಡುತ್ತದೆ. ಇದನ್ನು ಅವರಿಗೆ ಹೇಳಿದವರು ಯಾರೂ ಗೆದ್ದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಗ್ಲೋವ್ ಬಾಕ್ಸಿನಲ್ಲಿ ಹಳೇ ಟೋಲ್ ಚೀಟಿಗಳ ಅಡಿ ಕೈಪಿಡಿ ಇರುತ್ತದೆ. ಗೇರ್ ಆಯಿಲ್ ಯಾವ ದರ್ಜೆಯದು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಅದರಲ್ಲಿ ಹುಡುಕಿ. ಸಣ್ಣ ಕಾರಿಗೆ ಹಿಡಿಸುವುದು ಹೆಚ್ಚುಕಡಿಮೆ ಎರಡು ಲೀಟರ್. ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿಯ ಮುಂದೆ ಅದರ ಬೆಲೆ ಏನೇನೂ ಅಲ್ಲ.